ವಿಮಾನದ ಸೀಟೂ ಮ್ಯಾಲಕಿಯ ಬೆನ್ನೂ

ಜೂನ್ ತಿಂಗಳು ಮುಗಿಯುತ್ತ ಬಂದಿತ್ತು. ವಾರಗಟ್ಟಲೆ ಸುರಿದ ಮಳೆ ನಾಲ್ಕು ದಿನ ಬಿಡುವು ಕೊಟ್ಟಿದ್ದೇ ತಡ, ಬೆಲ್‌ಫಾಸ್ಟ್ ಕಡೆಯ ಮೋರ್ನ್ ಬೆಟ್ಟದ ಬುಡದ ರೈತರೆಲ್ಲ ಹುಲ್ಲು ಕೊಯ್ದು, ತಿರುವಿ, ಒಣಗಿಸಿಬಿಟ್ಟಿದ್ದರು. ಹಿಂದಿನ ಸಂಜೆ ಪೆಂಡಿ ಕಟ್ಟುವ ಯಂತ್ರದವನು ಹೊಲದಿಂದ ಹೊಲಕ್ಕೆ ಗಡಗಡ ಅನ್ನುತ್ತ ಓಡಾಡಿ, ಕಟ್ಟಿದ್ದನ್ನು ಕಟ್ಟಿದ ಹಾಗೇ ಬಿಟ್ಟು ಹೋಗಿದ್ದ. ಕಲ್ಲುಗೋಡೆಗಳ ನಡುವಿನ ಪುಟ್ಟ ಹೊಲಗಳಲ್ಲಿ ಪೆಂಡಿಗಳು ಮದುವೆ ಊಟಕ್ಕೆ ಎಲೆ ಕಾಯುತ್ತ ಕೂತವರ ಹಾಗೆ ಸಾಲುಸಾಲಾಗಿ ಬಿದ್ದಿದ್ದವು. ಇನ್ನು ಅವನ್ನು ಹೊತ್ತು ಕೊಟ್ಟಿಗೆಗೆ ತುಂಬುವುದೊಂದೇ ಬಾಕಿ. ರೇಡಿಯೋದವನು ಸಂಜೆಗೆ ಮಳೆ ಅಂದಿದ್ದ. ರೇಡಿಯೋದವನ ಮಾತು ಬಿಸಿಲಿನ ವಿಷಯದಲ್ಲಿ ಸುಳ್ಳಾಗುತ್ತಿತ್ತೇ ಹೊರತು ಮಳೆಯ ವಿಷಯದಲ್ಲಿ ಎಂದೂ ಸುಳ್ಳಾದದ್ದಿಲ್ಲ.

ಮ್ಯಾಲಕಿ ಡೋರನ್ ಬೆಳಿಗ್ಗೆ ಹಸುಗಳಿಗೆ ನೀರು ತೋರಿಸಿ, ಅಂಗಳದಲ್ಲಿ ನಿಂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಆ ಕಡೆಯ ಎಲ್ಲರ ಹಾಗೆ ಅವನಿಗೂ ಎರಡು ಕಸುಬು. ಹಗಲು ಹೊತ್ತು ಬಂದರಿನ ಪಕ್ಕದ ಕಾರ್ಖಾನೆಯಲ್ಲಿ ವಿಮಾನದ ಸೀಟಿಗೆ ಸ್ಪಂಜು ಕತ್ತರಿಸುವುದು, ಉಳಿದ ಹೊತ್ತು ಕುರಿ, ಹಸು, ಎರಡು ತುಂಡು ಹೊಲ. ಮದುವೆಗೆ ಮುಂಚಿನಿಂದ ಸ್ಪಂಜು ಕತ್ತರಿಸಿದವನು ಇವತ್ತಿನವರೆಗೂ ವಿಮಾನ ಹತ್ತಿದವನಲ್ಲ. ತಾನು ಕತ್ತರಿಸಿದ ಸ್ಪಂಜಿನ ಮೇಲೆ ಯಾರು ಯಾರು ಕೂತು ಯಾವ ಯಾವ ಸಮುದ್ರ ದಾಟಿದರೋ ಅವನಿಗೆ ಗೊತ್ತಿಲ್ಲ, ಕೇಳಿದವನೂ ಅಲ್ಲ.

"ಇವತ್ತು ಹೋಗಲೇಬೇಕು ಕಣೇ," ಅಂದ, ಬಾಗಿಲಲ್ಲಿ ನಿಂತ ಹೆಂಡತಿಗೆ.

"ಕಾರ್ಖಾನೆಗಾ, ಮರ್ವಿನ್ ಹೊಲಕ್ಕಾ?" ಅಂದಳು ಡಿಂಪ್ನಾ.

"ಮರ್ವಿನ್ ಹೊಲಕ್ಕೆ."

"ದೇವರು ದೊಡ್ಡವನು," ಅಂದಳು ಡಿಂಪ್ನಾ.

ವಿಷಯ ಇಷ್ಟು. ಹೋದ ವರ್ಷ ಇದೇ ಹುಲ್ಲಿನ ಕಾಲಕ್ಕೆ ಮ್ಯಾಲಕಿಗೆ ಗದ್ದಕಟ್ಟು ಬಂದು ಮುಖ ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು. ನೆರೆಯ ಮರ್ವಿನ್ ಆನೆಟ್ ಕೇಳದೆ ಕರೆಯದೆ ಬಂದು, ಬೆಳಗಿನಿಂದ ಸಂಜೆವರೆಗೆ ದುಡಿದು, ಇವನ ಹುಲ್ಲನ್ನೆಲ್ಲ ಒಳಗೆ ಹಾಕಿ, ಒಂದು ಲೋಟ ಚಹಾ ಕುಡಿದು ಹೋಗಿದ್ದ. ಆ ಕಡೆ ಇದಕ್ಕೆ ದುಡ್ಡು ಕೊಡುವ ಪದ್ಧತಿ ಇಲ್ಲ. ದಿನಕ್ಕೆ ದಿನ. ನನ್ನ ಹೊಲದಲ್ಲಿ ನೀನು ಒಂದು ದಿನ ಬಗ್ಗಿದರೆ ನಿನ್ನ ಹೊಲದಲ್ಲಿ ನಾನು ಒಂದು ದಿನ ಬಗ್ಗಬೇಕು. ಆದರೆ ಮರ್ವಿನ್ ಆಲೂಗಡ್ಡೆ ಹಾಕುವಾಗ ಮ್ಯಾಲಕಿಯ ಹಂದಿ ಮರಿ ಹಾಕುತ್ತಿತ್ತು. ಮರ್ವಿನ್ ಕುರಿ ಉಣ್ಣೆ ಕತ್ತರಿಸುವಾಗ ಮ್ಯಾಲಕಿಗೆ ಕಾರ್ಖಾನೆಯಲ್ಲಿ ಎರಡು ಪಾಳಿ. ಹೀಗೆ ಒಂದು ದಿನದ ಬಾಕಿ ಒಂದು ವರ್ಷ ಬೆಳೆದು ನಿಂತಿತ್ತು.

ಮರ್ವಿನ್ ಒಂದು ಸಲವಾದರೂ ಬಾಯಿಬಿಟ್ಟು ಕೇಳಿದ್ದರೆ ಮ್ಯಾಲಕಿಗೆ ಅರ್ಧ ಭಾರ ಇಳಿಯುತ್ತಿತ್ತು. ಅವನು ಕೇಳುವ ಜಾತಿಯಲ್ಲ. ಗೋಡೆಯಾಚೆಯಿಂದ ಟೋಪಿ ಹಿಂದಕ್ಕೆ ಸರಿಸಿ, "ಹೋದ ವರ್ಷದ ಹುಲ್ಲು ನಿನ್ನ ದನ ಚೆನ್ನಾಗಿ ತಿಂತಿದೆಯಾ ಮ್ಯಾಲಕಿ? ಒಳ್ಳೇ ಹುಲ್ಲಪ್ಪ ಅದು," ಅನ್ನುತ್ತಿದ್ದ. ಅಷ್ಟೇ. ಮ್ಯಾಲಕಿಗೆ ಆ ರಾತ್ರಿ ಊಟ ಸೇರುತ್ತಿರಲಿಲ್ಲ.

"ನಮ್ಮ ಚರ್ಚಿನವನಾಗಿದ್ರೆ ಜಗಳ ಆಡಿಯಾದರೂ ಹಗುರ ಆಗಬಹುದಿತ್ತು," ಅನ್ನುತ್ತಿದ್ದ ಹೆಂಡತಿಯ ಹತ್ತಿರ. "ಆ ಚರ್ಚಿನವನ ಹತ್ರ ಜಗಳ ಆಡಿದ್ರೆ ಎರಡು ಚರ್ಚಿನ ಗಲಾಟೆ ಅಂತ ಪೇಪರ್‌ನಲ್ಲಿ ಬರುತ್ತೆ."

"ಅಂಗಡಿಯಲ್ಲಿ ಅವನ ಹೆಂಡತಿ ನನಗೆ ದಾರಿ ಬಿಡ್ತಾಳೆ," ಅನ್ನುತ್ತಿದ್ದಳು ಡಿಂಪ್ನಾ. "ನಗ್‌ನಗ್ತಾ ದಾರಿ ಬಿಡ್ತಾಳೆ. ಅದಕ್ಕಿಂತ ಕಾಲು ತುಳಿದಿದ್ರೆ ವಾಸಿ."

ಈ ಸಲ ಏನಾದರೂ ಆಗಲಿ, ಮರ್ವಿನ್‌ನ ಹುಲ್ಲನ್ನು ತಾನೇ ಒಳಗೆ ಹಾಕಿ, ಸಂಜೆ ತಲೆ ಎತ್ತಿ ಮನೆಗೆ ಬರುವುದು ಅಂತ ಮ್ಯಾಲಕಿ ತೀರ್ಮಾನಿಸಿ, ಬರುತ್ತೇನೆ ಅಂತ ಮರ್ವಿನ್‌ಗೂ ಹೇಳಿಟ್ಟಿದ್ದ. ತೊಡಕು ಒಂದೇ. ಅದೇ ದಿನ ಕಾರ್ಖಾನೆಗೆ ಪರದೇಶದ ವಿಮಾನ ಕಂಪನಿಯವರು ಬರುವವರಿದ್ದರು. ಅವರು ಎಂಬತ್ತು ಹೊಸ ವಿಮಾನಕ್ಕೆ ಆರ್ಡರ್ ಕೊಟ್ಟಾಗಿತ್ತು. ಅವುಗಳಲ್ಲಿ ಯಾರ ಸೀಟು ಹಾಕುವುದು ಅನ್ನುವುದಿನ್ನೂ ತೀರ್ಮಾನವಾಗಿರಲಿಲ್ಲ. ಕಾರ್ಖಾನೆಯವರು ಬೆನ್ನಿಗೆ ಆರಾಮ ಕೊಡುವ ಹೊಸ ಸೀಟೊಂದನ್ನು ಮಾಡಿಟ್ಟು, ಹೆಣ್ಣು ನೋಡಲು ಬರುವವರಿಗೆ ಕಾಯುವ ಹಾಗೆ ಕಾಯುತ್ತಿದ್ದರು. ಮೇಲ್ವಿಚಾರಕಿ ಊನಾ ಎಲ್ಲರ ರಜೆಯನ್ನೂ ರದ್ದು ಮಾಡಿದ್ದಳು.

ರಜೆ ಇಲ್ಲದಿದ್ದರೆ ರೋಗ. ಮ್ಯಾಲಕಿ ಒಂದು ಬೂಟು ಕಟ್ಟಿ, ಇನ್ನೊಂದರ ದಾರ ಕೈಯಲ್ಲಿ ಹಿಡಿದುಕೊಂಡೇ ಕಾರ್ಖಾನೆಗೆ ಫೋನ್ ಮಾಡಿದ.

"ಊನಾ, ನಾನು ಮ್ಯಾಲಕಿ. ಬೆನ್ನು ಹಿಡ್ಕೊಂಡುಬಿಟ್ಟಿದೆ. ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ." ದನಿಗೆ ಒಂದಿಷ್ಟು ನರಳಾಟ ಬೆರೆಸಿದ. ಅಂಗಳದ ಹುಂಜ ಆಗಲೇ ಕೂಗಬೇಕೇ.

ಬೈಗುಳ ಬರುತ್ತದೆ ಅಂತ ಮ್ಯಾಲಕಿ ಕಣ್ಣು ಮುಚ್ಚಿ ಕಾದ.

"ನಿಜವಾಗ್ಲೂ?" ಅಂದಳು ಊನಾ. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಸಂತೋಷ ಇತ್ತು.

"ನಿಜ. ಒಂದಿಂಚು ಅಲ್ಲಾಡಿದ್ರೆ ಜೀವ ಹೋಗುತ್ತೆ."

"ಅಲ್ಲಾಡಬೇಡ!" ಊನಾ ಕಿರುಚಿದಳು. "ದಮ್ಮಯ್ಯ, ಅಲ್ಲಾಡಬೇಡ ಮ್ಯಾಲಕಿ! ಬೆಲ್‌ಫಾಸ್ಟ್‌ನಿಂದ ಒಬ್ಬ ಬೆನ್ನು ನೋವಿನವನನ್ನ ಗೊತ್ತು ಮಾಡಿದ್ವಿ, ಬಂದವರ ಎದುರಿಗೆ ಸೀಟಲ್ಲಿ ಕೂತು ತೋರಿಸೋಕೆ. ಈಗ ಫೋನ್ ಮಾಡಿ ಹೇಳ್ತಾನೆ, ಬೆನ್ನು ನೋವು, ಬರೋಕಾಗಲ್ಲ ಅಂತ! ನಾನಿಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ದೇವರೇ ನಿನ್ನ ಬೆನ್ನು ಮುರಿದ ನೋಡು."

"ಅಲ್ಲ ಊನಾ, ಅಷ್ಟೇನೂ—"

"ವ್ಯಾನ್ ಕಳಿಸ್ತಿದೀನಿ. ಹೇಗಿದ್ದೀಯೋ ಹಾಗೇ ಇರು."

ಫೋನ್ ಇಟ್ಟಾಗಿತ್ತು. ಮ್ಯಾಲಕಿ ಒಂದು ಬೂಟಿನಲ್ಲಿ ನಿಂತು ಹೆಂಡತಿಯ ಮುಖ ನೋಡಿದ.

"ಬಟ್ಟೆ ಬಿಚ್ಚು," ಅಂದಳು ಡಿಂಪ್ನಾ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಅವಸರದಲ್ಲಿ ಆ ಮಾತು ಹೇಳಿದ್ದೇ ಇಲ್ಲ.

ವ್ಯಾನ್ ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ ಮ್ಯಾಲಕಿ ಪಟ್ಟೆಪಟ್ಟೆಯ ಮಲಗುವ ಬಟ್ಟೆಯಲ್ಲಿ ಕಂಬಳಿ ಹೊದ್ದು ಸೂರು ನೋಡುತ್ತಿದ್ದ. ವ್ಯಾನ್ ಓಡಿಸುವ ಈನಿಯಸ್ ಒಬ್ಬ ಜೊತೆಗಾರನನ್ನು ಕರೆದುಕೊಂಡು ಒಳಗೆ ಬಂದ. ಈನಿಯಸ್‌ನಂಥವರು ಪ್ರತಿ ಕಾರ್ಖಾನೆಯಲ್ಲೂ ಒಬ್ಬರಿರುತ್ತಾರೆ: ಯಾರಿಗೆ ಏನೇ ಆದರೂ ಅವರಿಗೆ ಮೊದಲೇ ಅದು ಆಗಿರುತ್ತದೆ.

"ಬೆನ್ನು ಅಂದ್ರೆ ನನ್ನ ಹತ್ರ ಕೇಳು," ಅಂದ. "ಎಳೆದು ಕೂರಿಸಬಾರದು. ಹಲಗೆ ಮೇಲೆ ಮಲಗಿಸಿಕೊಂಡು ಹೋಗಬೇಕು. ನನ್ನ ಚಿಕ್ಕಪ್ಪನ್ನ ಎಳೆದು ಕೂರಿಸಿದ್ರು, ಆಮೇಲೆ ಅವನು ಜೀವನಪೂರ್ತಿ ಎಡಗಡೆಯೇ ನೋಡ್ತಿದ್ದ."

ಹಲಗೆ ಇರಲಿಲ್ಲ. ಕೋಳಿಮನೆಯ ಬಾಗಿಲು ಕಳಚಿ ತಂದರು. ಅದರ ಮೇಲೆ ಮ್ಯಾಲಕಿಯನ್ನು ಮಲಗಿಸಿ, ಜಾರದ ಹಾಗೆ ಹಗ್ಗದಿಂದ ಬಿಗಿದು, ವ್ಯಾನಿಗೆ ತುಂಬಿದರು. ಬಾಗಿಲು ಉದ್ದವಾಗಿ ವ್ಯಾನಿನ ಹಿಂಬದಿ ಮುಚ್ಚಲಿಲ್ಲ. ಮ್ಯಾಲಕಿಯ ಬರಿಗಾಲು ಎರಡೂ ಹೊರಗೆ ಉಳಿದವು. ಕೋಳಿಗಳು ಸ್ವಲ್ಪ ದೂರ ಬೀಳ್ಕೊಡಲು ಬಂದವು.

ಇಳಿಜಾರಿನ ತಿರುವಿನಲ್ಲೇ ಮರ್ವಿನ್‌ನ ಹೊಲ. ಅವನು ಟ್ರ್ಯಾಕ್ಟರಿಗೆ ತೊಟ್ಟಿ ಗಾಡಿ ಕಟ್ಟಿ, ಗೇಟಿನ ಹತ್ತಿರ ನಿಂತು, ಬರಬೇಕಾದವನ ದಾರಿ ನೋಡುತ್ತಿದ್ದ. ಬಂದದ್ದು ಎರಡು ಪಾದ. ಈನಿಯಸ್ ವ್ಯಾನ್ ನಿಲ್ಲಿಸಿದ. ಇಂಥ ಸುದ್ದಿಯನ್ನು ನಿಲ್ಲಿಸದೆ ಹೇಳಲಾಗುತ್ತದೆಯೇ?

ಮರ್ವಿನ್ ಹಿಂದಕ್ಕೆ ಬಂದು ನೋಡಿ ಟೋಪಿ ತೆಗೆದ. "ಜೀವ ಇದೆಯಾ?"

"ಇದೆ, ಸದ್ಯಕ್ಕೆ," ಅಂದ ಈನಿಯಸ್. "ಬೆನ್ನು ಪೂರ್ತಿ ಹೋಗಿದೆ."

"ಮರ್ವಿನ್," ಅಂದ ಮ್ಯಾಲಕಿ, ಮಲಗಿದಲ್ಲಿಂದಲೇ. "ನಾನು ಇವತ್ತು ನಿನ್ನ ಹೊಲಕ್ಕೆ ಬರಬೇಕು ಅಂತಾನೇ ಎದ್ದಿದ್ದೆ ಮಾರಾಯ. ಆಣೆ ಮಾಡಿ ಹೇಳ್ತೀನಿ."

"ಹುಲ್ಲಿನ ಮಾತು ಯಾರಾಡಿದ್ರು ಈಗ?" ಅಂದ ಮರ್ವಿನ್ ಮೆತ್ತಗೆ. "ನೀನು ಸುಮ್ನೆ ಮಲಗು. ಹುಲ್ಲು ಏನು, ಪ್ರತಿ ವರ್ಷ ಬೆಳೆಯುತ್ತೆ." ಕಂಬಳಿಯ ತುದಿ ಎಳೆದು ಅವನ ಪಾದ ಮುಚ್ಚಿದ.

ಆ ಕಂಬಳಿಯಲ್ಲಿ ಮುಳ್ಳು ತುಂಬಿದ್ದರೂ ಮ್ಯಾಲಕಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಕಾರ್ಖಾನೆಯ ದೊಡ್ಡ ಕೋಣೆಯ ನಡುವೆ ಹೊಸ ಸೀಟು ದೀಪದ ಬೆಳಕಿನಲ್ಲಿ ಪಾದ್ರಿಯ ಪೀಠದ ಹಾಗೆ ಹೊಳೆಯುತ್ತಿತ್ತು. ತಲೆ ವಾಲದ ಹಾಗೆ ಎರಡು ಪಕ್ಕಕ್ಕೂ ರೆಕ್ಕೆ; ಕಾಲಿಗೆ ತೊಟ್ಟಿಲಿನಂಥ ಜೋಲಿ; ಬೆನ್ನಿನ ಹಿಂದೆ ಗಾಳಿಯ ಚೀಲಗಳು, ಒಂದು ಉಬ್ಬಿದರೆ ಇನ್ನೊಂದು ಇಳಿದು ಬೆನ್ನನ್ನು ರೊಟ್ಟಿಯ ಹಿಟ್ಟಿನ ಹಾಗೆ ನಾದುತ್ತಿದ್ದವು. ಕೋಳಿಮನೆಯ ಬಾಗಿಲಿನ ಮೇಲೆ ಮ್ಯಾಲಕಿ ಒಳಗೆ ಬಂದಾಗ ಪರದೇಶದ ಅತಿಥಿಗಳು ಎದ್ದು ನಿಂತರು. ಅವರ ಮುಖ್ಯಸ್ಥೆ ಶ್ರೀಮತಿ ಲಿಂಡ್‌ಕ್ವಿಸ್ಟ್ ಎತ್ತರದ ಹೆಂಗಸು. ನಗು ಅನ್ನುವುದನ್ನು ಊರಲ್ಲೇ ಬಿಟ್ಟು ಬಂದ ಹಾಗಿತ್ತು ಮುಖ.

"ಇವರಿಗೆ ನಿಜವಾಗಿ ನೋವಿದೆಯೇ? ನಟರಲ್ಲ ತಾನೆ?" ಅಂದಳು.

"ಇವನಾ?" ಅಂದಳು ಊನಾ. "ಶಾಲೆಯಲ್ಲಿ ಇವನ ಹಿಂದಿನ ಬೆಂಚಲ್ಲಿ ಕೂತವಳು ನಾನು. ಸುಳ್ಳು ಹೇಳೋಷ್ಟು ಬುದ್ಧಿ ಇದ್ದಿದ್ರೆ ಇವನು ಎಲ್ಲೋ ಇರ್ತಿದ್ದ."

ನಾಲ್ಕು ಜನ ಸೇರಿ ಮ್ಯಾಲಕಿಯನ್ನು ಸೀಟಿಗೆ ಇಳಿಸಿದರು. ಅವನು ಸಾಧ್ಯವಾದಷ್ಟು ನರಳಿದ. ಗಾಳಿಯ ಚೀಲಗಳು ಕೆಲಸ ಶುರುಮಾಡಿದವು. ಸುಖ ಅಂದರೆ ಏನು ಅಂತ ಅವನಿಗೆ ಮೊದಲ ಸಲ ಗೊತ್ತಾಯಿತು. ಮೊಣಕಾಲು, ಸೊಂಟ, ಕುತ್ತಿಗೆ ಒಂದೊಂದಾಗಿ ಕರಗಿದವು. ಇಷ್ಟು ವರ್ಷ ಕತ್ತರಿಸಿ ಕತ್ತರಿಸಿ ಎಸೆದ ಸ್ಪಂಜಿನ ಒಳಗೆ ಇಂಥದೊಂದು ಲೋಕ ಇತ್ತೇ ಅನ್ನಿಸಿ, ಕಣ್ಣು ಎಳೆಯತೊಡಗಿತು.

"ಎಷ್ಟು ಹೊತ್ತು ಕೂರಬೇಕು?" ಅಂದ, ಊನಾಳ ಕಿವಿಯಲ್ಲಿ.

"ಸಂಜೆವರೆಗೆ. ಸಮುದ್ರ ದಾಟೋಕೆ ಎಷ್ಟು ಹೊತ್ತೋ ಅಷ್ಟು ಹೊತ್ತು."

ಮ್ಯಾಲಕಿಯ ಕಣ್ಣು ಪೂರ್ತಿ ತೆರೆಯಿತು. ಎದುರಿಗೇ ದೊಡ್ಡ ಕಿಟಕಿ. ಕಿಟಕಿಯಾಚೆ ಬೆಟ್ಟ. ಬೆಟ್ಟದ ಹೆಗಲ ಮೇಲೆ ಒಂದು ಮೋಡ, ಕುರಿಮರಿಯಷ್ಟು. ನೋಡುತ್ತಿದ್ದ ಹಾಗೇ ಅದು ಕುರಿಯಾಯಿತು, ಕುರಿ ಹಸುವಾಯಿತು. ಕೆಳಗೆಲ್ಲೋ ಮರ್ವಿನ್ ಒಬ್ಬನೇ ಹುಲ್ಲು ಹೊರುತ್ತಿದ್ದಾನೆ. ಮುಂದಿನ ವರ್ಷ ಗೋಡೆಯಾಚೆಯಿಂದ ಹುಲ್ಲಿನ ಸುದ್ದಿ ಎತ್ತುತ್ತಾನೆ. ಅದರ ಮುಂದಿನ ವರ್ಷವೂ ಎತ್ತುತ್ತಾನೆ.

"ಈಗ ಹೇಗನ್ನಿಸುತ್ತಿದೆ?" ಶ್ರೀಮತಿ ಲಿಂಡ್‌ಕ್ವಿಸ್ಟ್ ಕೇಳಿದಳು.

"ಪರವಾಗಿಲ್ಲ," ಅಂದ ಮ್ಯಾಲಕಿ.

ಅವಳ ಹುಬ್ಬು ಗಂಟಾಯಿತು. ಊನಾ ಗಾಬರಿಯಿಂದ ಮುಂದೆ ಬಂದಳು. "ಅಯ್ಯೋ, ಹಾಗಲ್ಲ! ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇವನ ಮದುವೆ ದಿನ ಹೆಂಡತಿ ಹೇಗಿದ್ದಾಳೆ ಅಂತ ಕೇಳಿದ್ದಕ್ಕೂ ಇಷ್ಟು ಹೇಳಿರಲಿಲ್ಲ."

"ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?"

ಮ್ಯಾಲಕಿ ಯೋಚಿಸಿದ. ಹತ್ತು ದೇವರಿಗೆ. ಒಂಬತ್ತು ತಾಯಿಗೆ. "ಆರು," ಅಂದ. ಕೋಣೆಯ ಹಿಂಬದಿಯಲ್ಲಿ ಕೂಡಿದ್ದ ಕೆಲಸಗಾರರು ಬೆರಗಾಗಿ ಉಸಿರೆಳೆದುಕೊಂಡರು. ಅತಿಥಿಗಳು ಮುಖ ಮುಖ ನೋಡಿಕೊಂಡರು. ಒಬ್ಬ ತನ್ನ ಚೀಲದ ಬಾಯಿ ಮುಚ್ಚಿದ.

ಊನಾಳ ಮುಖದ ಬಣ್ಣ ಇಳಿದದ್ದನ್ನು ಮ್ಯಾಲಕಿ ನೋಡಿದ. ಎಂಬತ್ತು ವಿಮಾನ ಅಂದರೆ ಇಡೀ ಊರಿಗೆ ವರ್ಷಗಟ್ಟಲೆ ಕೆಲಸ. ಕಿಟಕಿಯಲ್ಲಿ ಮೋಡ ಈಗ ಕೊಟ್ಟಿಗೆಯಷ್ಟಾಗಿತ್ತು. ಆ ಕ್ಷಣದಲ್ಲಿ ಅವನ ತಲೆಯಲ್ಲಿ ಎರಡು ಕಷ್ಟಕ್ಕೂ ಒಂದೇ ಮದ್ದು ಹೊಳೆಯಿತು. ಬೆನ್ನು ವಾಸಿಯಾಗಿಬಿಟ್ಟರೆ?

"ಅಯ್ಯೋ!" ಅಂತ ಕೂಗಿ ಎದ್ದು ನಿಂತ. "ಹೋಯ್ತು! ನೋವು ಹೋಯ್ತು!"

"ಹೋಯ್ತು ಅಂದ್ರೆ?" ಅಂದಳು ಊನಾ.

"ಇತ್ತು, ಈಗಿಲ್ಲ! ಒಳಗಿಂದ ಯಾರೋ ಎಳೆದು ತೆಗೆದ ಹಾಗಾಯ್ತು!"

ಶ್ರೀಮತಿ ಲಿಂಡ್‌ಕ್ವಿಸ್ಟ್ ಅವನ ಸುತ್ತ ಒಂದು ಸುತ್ತು ಬಂದಳು, ಸಂತೆಯಲ್ಲಿ ಎತ್ತು ನೋಡುವ ಹಾಗೆ. "ಬಗ್ಗಿ," ಅಂದಳು. ಅವನು ಬಗ್ಗಿ ಕಾಲ್ಬೆರಳು ಮುಟ್ಟಿದ. "ತಿರುಗಿ." ತಿರುಗಿದ. ಗೋಡೆಯ ಪಕ್ಕ ಮೂರು ಸೀಟು ಜೋಡಿಸಿದ ಸಾಲೊಂದಿತ್ತು. "ಅದನ್ನು ಎತ್ತಿ." ಮ್ಯಾಲಕಿ ಅದನ್ನು ಹೆಗಲಿಗೆ ಏರಿಸಿ, ಪಟ್ಟೆಪಟ್ಟೆಯ ಬಟ್ಟೆಯಲ್ಲಿ, ಬರಿಗಾಲಲ್ಲಿ, ಕೋಣೆಗೆ ಒಂದು ಪ್ರದಕ್ಷಿಣೆ ಬಂದ. ಅತಿಥಿಗಳು ಚಪ್ಪಾಳೆ ತಟ್ಟಿದರು. ಶ್ರೀಮತಿ ಲಿಂಡ್‌ಕ್ವಿಸ್ಟ್ ನಕ್ಕಳು. ಅವಳ ಜೊತೆಯವರೇ ಆ ನಗುವನ್ನು ಹೊಸದಾಗಿ ನೋಡಿದವರ ಹಾಗೆ ನೋಡಿದರು.

"ಮನೆಗೆ ಹೋಗ್ಲಾ?" ಅಂದ ಮ್ಯಾಲಕಿ.

"ಹೋಗು, ನನ್ನಪ್ಪ, ಹೋಗು," ಅಂದಳು ಊನಾ, ಕಣ್ಣೊರಸಿಕೊಳ್ಳುತ್ತ. "ನಿನ್ನ ಬೆನ್ನಿಗೆ ಚಿನ್ನದ ತಗಡು ಹೊದಿಸಬೇಕು."

ಹೋಗಲು ಬಿಟ್ಟರೆ ತಾನೆ. ಆ ಕಡೆ ಉಳುಕಿಗೆ, ಸುಟ್ಟ ಗಾಯಕ್ಕೆ, ಸರ್ಪಸುತ್ತಿಗೆ ಕೈಗುಣ ಇರುವವರು ಹಳ್ಳಿಗೊಬ್ಬರಂತೆ ಇದ್ದಾರೆ; ಡಾಕ್ಟರ ಹತ್ತಿರ ಹೋಗುವವರೂ ಮೊದಲು ಅವರ ಹತ್ತಿರ ಹೋಗಿಬರುತ್ತಾರೆ. ಕೈಗೆ ಇರುವ ಗುಣ ಸೀಟಿಗೆ ಇರಬಾರದು ಅಂತ ಎಲ್ಲೂ ಬರೆದಿಲ್ಲ. ಸೀಟಿನ ಮುಂದೆ ಆಗಲೇ ಸಾಲು ನಿಂತಿತ್ತು. ಮೊದಲನೆಯವನು ಈನಿಯಸ್.

"ಗುಣ ಇದೆ ಕಣ್ರೋ ಇದಕ್ಕೆ!" ಅನ್ನುತ್ತಿದ್ದ. "ಕೂತು ಎದ್ದ ಮೇಲೆ ಯಾರೂ ಥ್ಯಾಂಕ್ಸ್ ಅನ್ನಬೇಡಿ, ಗುಣ ಹೋಗಿಬಿಡುತ್ತೆ."

"ಈನಿಯಸ್, ನನ್ನನ್ನ ವ್ಯಾನಲ್ಲಿ ಬಿಟ್ಟು ಬಾರೋ."

"ವಾಸಿಯಾದವನಿಗೆ ವ್ಯಾನ್ ಯಾಕೋ? ನನ್ನ ಸೊಂಟ ನೋಡ್ಕೊಳ್ಳೋದು ಬೇಡವಾ?"

ಹೊಲಿಗೆ ವಿಭಾಗದ ಹೆಂಗಸರು ಮ್ಯಾಲಕಿಯ ಬೆನ್ನು ಮುಟ್ಟಿ ಮುಟ್ಟಿ ತಮ್ಮ ಬೆನ್ನಿಗೆ ಕೈ ಒರೆಸಿಕೊಂಡರು. ಅವರಿಂದ ಬಿಡಿಸಿಕೊಂಡು ಹೊರಗೆ ಬಂದವನೇ ಅವನು ಓಡಿದ. ಬಂದರಿನ ಪಕ್ಕದಿಂದ, ಮೀನಂಗಡಿಯ ಮುಂದಿನಿಂದ, ಬ್ಯಾಂಕಿನ ಮುಂದಿನಿಂದ, ಮಲಗುವ ಬಟ್ಟೆಯಲ್ಲಿ, ಬರಿಗಾಲಲ್ಲಿ ಓಡಿದ. ಊರವರು ಅಂಗಡಿಯಿಂದ ಹೊರಗೆ ಬಂದು ನೋಡಿದರು. "ಯಾವ ಆಸ್ಪತ್ರೆಯಿಂದಪ್ಪಾ?" ಅಂತ ಒಬ್ಬ ಕೇಳಿದ. ಮ್ಯಾಲಕಿ ಓಡುತ್ತಲೇ ಕೈ ಬೀಸಿದ.

ಮರ್ವಿನ್‌ನ ಹೊಲ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಪೆಂಡಿಗಳು ಬೆಳಿಗ್ಗೆ ಎಲ್ಲಿದ್ದವೋ ಅಲ್ಲೇ ಬಿದ್ದಿದ್ದವು. ಒಂದೂ ಅಲುಗಿರಲಿಲ್ಲ. ಮರ್ವಿನ್ ಇಲ್ಲ, ಟ್ರ್ಯಾಕ್ಟರೂ ಇಲ್ಲ.

ಮ್ಯಾಲಕಿ ಗೇಟು ಹಿಡಿದು ಏದುಸಿರು ಬಿಡುತ್ತ ನಿಂತ. ಪಾಪ, ಒಬ್ಬನ ಕೈಲಿ ಆಗದು ಅಂತ ಕೈಚೆಲ್ಲಿ ಹೋದನೇ? ಜನ ಹುಡುಕಲು ಹೋದನೇ? ಎಲ್ಲಿಗಾದರೂ ಹೋಗಿರಲಿ. ಬರುವುದರೊಳಗೆ ಹೊಲ ಖಾಲಿ ಇರಬೇಕು. ಒಂದು ದಿನದ ಬಾಕಿಗೆ ಇಂಥ ಅರ್ಧ ದಿನ ಸಿಕ್ಕುವುದು ಜನ್ಮಕ್ಕೊಂದೇ ಸಲ.

ಹೊಲದ ಮೇಲಿನ ಮೂಲೆಯಲ್ಲಿ ಮರ್ವಿನ್‌ನ ಹುಲ್ಲಿನ ಕೊಟ್ಟಿಗೆ. ಬಾಗಿಲ ಹಿಂದೆ ಎರಡು ರಬ್ಬರ್ ಬೂಟು ಸಿಕ್ಕಿದವು. ಎರಡೂ ಎಡಗಾಲಿನವು. ಅವನ್ನೇ ಹಾಕಿಕೊಂಡ. ಬಲಗೈಗೆ ಒಂದು, ಎಡಗೈಗೆ ಒಂದು ಪೆಂಡಿ ದಾರದಲ್ಲಿ ತೂಗಿಸಿ ಏರು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ದಾರ ಅಂಗೈ ಕೊಯ್ಯಿತು. ಹುಲ್ಲಿನ ಕಡ್ಡಿ ಕುತ್ತಿಗೆಯಿಂದ ಒಳಗಿಳಿದು ಪಟ್ಟೆಪಟ್ಟೆಯ ಬಟ್ಟೆಯ ಉದ್ದಕ್ಕೂ ಪ್ರಯಾಣ ಮಾಡಿತು. ಬಲಗಾಲು ಎಡಗಡೆಗೆ ಹೋಗಬೇಕು ಅನ್ನುತ್ತಿತ್ತು. ಮೋಡ ಬೆಟ್ಟವನ್ನು ಪೂರ್ತಿ ನುಂಗಿ ಹೊಲದ ಕಡೆ ಬಂತು.

ಮೇಲೆ ಗುಡ್ಡದ ಮರೆಯಲ್ಲಿ ತನ್ನ ಹೊಲದ ಹುಲ್ಲೂ ಹೀಗೇ ಬಿದ್ದಿರುವುದು ಅವನಿಗೆ ನೆನಪಾಗದೆ ಇರಲಿಲ್ಲ. ಬೆಳಿಗ್ಗೆ ಬೇಗ ಮರ್ವಿನ್‌ನದು ಮುಗಿಸಿ ಮಧ್ಯಾಹ್ನ ತನ್ನದು ಅಂದುಕೊಂಡಿದ್ದ. ಈಗ ಅದು ನೆನೆದು ಕೊಳೆಯುತ್ತದೆ. ಕೊಳೆಯಲಿ. ಚಳಿಗಾಲಕ್ಕೆ ಹುಲ್ಲನ್ನು ಕೊಂಡರಾಯಿತು. ಮರ್ವಿನ್‌ನ ಎದುರು ತಲೆ ಎತ್ತಿ ನಡೆಯುವುದನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಕೊನೆಯ ಪೆಂಡಿ ಒಳಗೆ ಎಸೆದು ಬಾಗಿಲಿನ ಅಗಳಿ ಹಾಕಿದಾಗ ಮೊದಲ ಹನಿ ಅವನ ಮೂಗಿನ ಮೇಲೆ ಬಿತ್ತು. ಮ್ಯಾಲಕಿ ಮಳೆಗೆ ಮುಖ ಒಡ್ಡಿ ನಿಂತು ನಕ್ಕ. ಒಂದು ವರ್ಷದಿಂದ ಹೆಗಲ ಮೇಲೆ ಕೂತಿದ್ದ ಮರ್ವಿನ್ ಕೆಳಗಿಳಿದಿದ್ದ. ನೆನೆಯುತ್ತ, ಶಿಳ್ಳೆ ಹಾಕುತ್ತ, ಎರಡು ಎಡಗಾಲಲ್ಲಿ ಮನೆಯ ಕಡೆ ಹೊರಟ.

ಅಂಗಳಕ್ಕೆ ಕಾಲಿಟ್ಟಾಗ ಶಿಳ್ಳೆ ನಿಂತಿತು. ಮರ್ವಿನ್‌ನ ಟ್ರ್ಯಾಕ್ಟರು ಅಲ್ಲಿ ನಿಂತಿತ್ತು.

ಅಡಿಗೆಮನೆಯ ತುಂಬ ಜನ. ಮೇಜಿನ ತುದಿಯಲ್ಲಿ ಮರ್ವಿನ್. ಪಕ್ಕಕ್ಕೆ ಅಂಚೆಯವನು. ಬೆಂಚಿನ ಮೇಲೆ ಕಲ್ಲುಗಣಿಯ ಅಣ್ಣ ತಮ್ಮ ಇಬ್ಬರು. ಕಿಟಕಿಯ ಹತ್ತಿರ ಮೇಲಿನ ಮನೆಯ ಕುರಿಯವನು. ಒಲೆಯ ಮುಂದೆ ಶಾಲೆಯಿಂದ ನಿವೃತ್ತಿಯಾದ ಟೀಚರಮ್ಮ. ಎಲ್ಲರ ತಲೆಯಲ್ಲೂ ಹುಲ್ಲು. ಎಲ್ಲರ ಕೈಯಲ್ಲೂ ಚಹಾ. ಡಿಂಪ್ನಾ ಸೋಡಾ ರೊಟ್ಟಿಗೆ ಬೆಣ್ಣೆ ಸವರುತ್ತ, ಗಂಡನ ಮುಖ ನೋಡದೆ ನಿಂತಿದ್ದಳು.

"ಏಳಬಾರದಿತ್ತಪ್ಪ ನೀನು!" ಅಂತ ಮರ್ವಿನ್ ಎದ್ದು ಬಂದ. "ಬಾ, ಕೂತ್ಕೋ. ನಿನ್ನ ಹುಲ್ಲೆಲ್ಲ ಒಳಗಿದೆ. ಒಂದು ಪೆಂಡಿಯೂ ನೆಂದಿಲ್ಲ."

"ನನ್ನ ಹುಲ್ಲಾ?" ಅಂದ ಮ್ಯಾಲಕಿ.

"ಮತ್ತೆ? ಕೋಳಿಮನೆ ಬಾಗಿಲ ಮೇಲೆ ನಿನ್ನ ಹೊತ್ತುಕೊಂಡು ಹೋಗಿದ್ದು ನೋಡಿದ ಮೇಲೆ ನನ್ನ ಹೊಲದಲ್ಲಿ ಕೆಲಸ ಮಾಡೋಕೆ ಮನಸ್ಸು ಬರುತ್ತಾ? ಸೀದಾ ಹೋಗಿ ಇವರನ್ನೆಲ್ಲ ಕರೆದೆ. ಕರೆಯೋದೇನು, ವಿಷಯ ಹೇಳಿದೆ, ಅವರೇ ಬಂದ್ರು." ಕಿಟಕಿಯ ಮೇಲೆ ಮಳೆ ಬಡಿಯಿತು. ಮರ್ವಿನ್ ಅತ್ತ ನೋಡಿ ಮುಖ ತಿರುಗಿಸಿಕೊಂಡ. "ನನ್ನದು ಹೋಯ್ತು. ಹೋಗಲಿ ಬಿಡು. ಎರಡರಲ್ಲಿ ಒಂದಕ್ಕೆ ಮಾತ್ರ ಹೊತ್ತಿತ್ತು."

"ನಿನ್ನದೂ ಒಳಗಿದೆ ಮರ್ವಿನ್," ಅಂದ ಮ್ಯಾಲಕಿ.

"ಏನಂದೆ?"

"ನಿನ್ನ ಹುಲ್ಲು. ಕೊಟ್ಟಿಗೆಯಲ್ಲಿದೆ. ನಾನೇ ಹಾಕಿ ಬಂದೆ."

ಆರು ಜನ ಅವನನ್ನು ತಲೆಯಿಂದ ಎರಡು ಎಡಗಾಲಿನವರೆಗೆ ನೋಡಿದರು.

"ಯಾವ ಬೆನ್ನಲ್ಲಿ?" ಅಂದರು ಟೀಚರಮ್ಮ.

"ಕಾರ್ಖಾನೆಯ ಹೊಸ ಸೀಟಲ್ಲಿ ಕೂತೆ. ವಾಸಿಯಾಗಿಬಿಡ್ತು."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅವರು ನಂಬಿದರು. ಅಂಚೆಯವನು ಆ ಸೀಟು ನಾಳೆಯೂ ಇರುತ್ತದೆಯೇ ಅಂತ ವಿಚಾರಿಸಿದ. ಮರ್ವಿನ್ ನಿಧಾನವಾಗಿ ಬಂದು ಮ್ಯಾಲಕಿಯ ಕೈ ಹಿಡಿದು ಕುಲುಕಿದ. ಹೋದ ವರ್ಷದ ಬಾಕಿ ತೀರಿತು ಅನ್ನುವುದಕ್ಕೆ ಅದೇ ರಸೀದಿ. ಕುಲುಕುವುದು ಮುಗಿಯುವ ಮೊದಲೇ ಮ್ಯಾಲಕಿಯ ಕಣ್ಣು ಮರ್ವಿನ್‌ನಿಂದ ಅಂಚೆಯವನಿಗೆ, ಅಲ್ಲಿಂದ ಕಲ್ಲುಗಣಿಯ ಅಣ್ಣತಮ್ಮ, ಕುರಿಯವನು, ಟೀಚರಮ್ಮ ಅಂತ ಒಂದು ಸುತ್ತು ಬಂತು. ಬೆಳಿಗ್ಗೆ ಒಬ್ಬನಿಗೆ ಒಂದು ದಿನ ಬಾಕಿ ಇತ್ತು. ಈಗ ಆರು ಜನಕ್ಕೆ ಒಂದೊಂದು ದಿನ.

"ನಿಮಗೆಲ್ಲ ನಾನು—"

"ಛೆ ಛೆ, ಆ ಮಾತೇ ಬೇಡ," ಅಂದರು ಆರೂ ಜನ ಒಟ್ಟಿಗೆ, ಮೆತ್ತಗೆ. ಟೋಪಿ ಹಾಕಿಕೊಂಡು ಒಬ್ಬೊಬ್ಬರಾಗಿ ಹೊರಟರು. ಬಾಗಿಲಲ್ಲಿ ಕುರಿಯವನು ನಿಂತು ಹೇಳಿದ, "ಒಳ್ಳೇ ಹುಲ್ಲು ಕಣೋ ಮ್ಯಾಲಕಿ ನಿನ್ನದು."

ಅವರೆಲ್ಲ ಹೋದ ಮೇಲೆ ಮ್ಯಾಲಕಿ ಹೆಂಡತಿಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತಲ್ಲೇ! ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಬೆನ್ನು ನೆಟ್ಟಗಿದೆ ಅಂದ್ರೆ ಊಟದ ಹೊತ್ತಿಗೆ ಸುದ್ದಿ ಕಾರ್ಖಾನೆಗೆ ಮುಟ್ಟಿರ್ತಿತ್ತು, ನಿನ್ನ ಕೆಲಸ ಹೋಗಿರ್ತಿತ್ತು. ಸುಮ್ಮನಿದ್ರೆ ಹುಲ್ಲು ಒಳಗೆ ಬರ್ತಿತ್ತು. ನೀನಾಗಿದ್ರೆ ಏನು ಮಾಡ್ತಿದ್ದೆ?"

ಮ್ಯಾಲಕಿ ಬೂಟು ಕಳಚಲು ಬಗ್ಗಿದ. ಸೊಂಟದಲ್ಲಿ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಬಗ್ಗಿದವನು ಬಗ್ಗಿಯೇ ಉಳಿದ.

ಮರುದಿನ ಬೆಳಿಗ್ಗೆ ಅವನು ನಿಜವಾಗಿ ಹಾಸಿಗೆ ಬಿಟ್ಟು ಏಳಲಾರದೆ, ನಿಜವಾಗಿ ನರಳುತ್ತ, ಕಾರ್ಖಾನೆಗೆ ಫೋನ್ ಮಾಡಿದ. ಬಾಯಿ ತೆರೆಯುವ ಮೊದಲೇ ಊನಾ ಹಾಡಿದಳು.

"ಸಹಿ ಹಾಕಿದ್ರು ಮ್ಯಾಲಕಿ! ಎಂಬತ್ತು ವಿಮಾನಕ್ಕೂ ನಮ್ಮದೇ ಸೀಟು! ಅವರ ಜಾಹೀರಾತಲ್ಲಿ ನಿನ್ನ ಫೋಟೋ ಹಾಕ್ತಾರಂತೆ, ಕೂತು ಎದ್ದ ರೈತ ಅಂತ."

"ಊನಾ, ನನ್ನ ಬೆ—"

"ಆ ಮಾತು ನಿನ್ನ ಬಾಯಲ್ಲಿ ಬರಬಾರದು!" ಊನಾಳ ಹಾಡು ನಿಂತಿತು. "ನಿನ್ನ ಬೆನ್ನು ನೋಡಿ ಸಹಿ ಹಾಕಿದಾರೆ. ಅದು ಕೆಟ್ಟಿದೆ ಅಂತ ಹೊರಗೆ ಗೊತ್ತಾದ್ರೆ ಎಂಬತ್ತು ವಿಮಾನದಲ್ಲೂ ಜನ ನಿಂತುಕೊಂಡು ಹೋಗಬೇಕಾಗುತ್ತೆ. ನೀನು ರಿಟೈರ್ ಆಗೋವರೆಗೆ ಅದು ನೆಟ್ಟಗಿರಬೇಕು, ತಿಳೀತಾ? ಬೇಗ ಬಾ. ಸ್ಪಂಜಿನ ಲಾರಿ ಬಂದಿದೆ, ಇಳಿಸೋಕೆ ಗಟ್ಟಿ ಆಳು ಬೇಕು."

ಡಿಂಪ್ನಾ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಗೋಡೆಗೆ ಏಣಿ ಒರಗಿಸುವ ಹಾಗೆ ಒರಗಿಸಿ, ಅಂಗಿ ತೊಡಿಸಿದಳು.

"ಆರು ದಿನ," ಅಂದಳು. "ಕುರಿಯವನದು ಮುಂದಿನ ವಾರ ಉಣ್ಣೆ ಕತ್ತರಿಸೋದು. ಟೀಚರಮ್ಮಂದು ಆಲೂಗಡ್ಡೆ. ಬೆನ್ನಂತೂ ಕೈತಪ್ಪಿ ಹೋಯ್ತು. ರಜೆ ಹಾಕೋಕೆ ಇನ್ನೇನಿದೆ ನಿನ್ನ ಹತ್ರ, ಕೆಡೋ ಅಂಥದ್ದು?"

ಮ್ಯಾಲಕಿ ತನ್ನ ದೇಹವನ್ನು ಮೇಲಿಂದ ಕೆಳಗೆ ಮನಸ್ಸಿನಲ್ಲೇ ಹುಡುಕಿದ. "ಮೊಣಕಾಲು," ಅಂದ ಕೊನೆಗೆ. "ಮೊಣಕಾಲಿನ ಹೆಸರಲ್ಲಿ ಎರಡು ದಿನ ಆದ್ರೂ ಸಿಗುತ್ತೆ."

ಅಂಗಳದಲ್ಲಿ ವ್ಯಾನ್ ಹಾರ್ನ್ ಬಡಿಯಿತು. ಮ್ಯಾಲಕಿ ಹಲ್ಲು ಕಚ್ಚಿ, ಬೆನ್ನನ್ನು ಕೋಲಿನ ಹಾಗೆ ನೆಟ್ಟಗೆ ಇಟ್ಟುಕೊಂಡು, ಮುಖದ ತುಂಬ ನಗು ಹೊತ್ತು ಹೊರಗೆ ಬಂದ.

"ಬಾರೋ ನಮ್ಮ ಊರಿನ ಬೆನ್ನೇ!" ಅಂತ ಈನಿಯಸ್ ಬಾಗಿಲು ತೆರೆದ. "ಕೇಳಿದ್ಯಾ? ಆ ಹೆಂಗಸಿಗೆ ನಿನ್ನ ಮೇಲೆ ಭಾರೀ ನಂಬಿಕೆ ಬಂದಿದೆ. ಮುಂದಿನ ತಿಂಗಳು ಮತ್ತೆ ಬರ್ತಾಳಂತೆ, ಕಾಲಿಗೆ ಜಾಸ್ತಿ ಜಾಗ ಇರೋ ಸೀಟು ನೋಡೋಕೆ. ಮೊಣಕಾಲು ನೋವಿರೋ ಒಬ್ಬನನ್ನ ಹುಡುಕಿ ಅಂತ ಊನಾ ನಿನ್ನೆಯಿಂದ ಎಲ್ಲರಿಗೂ ಹೇಳ್ತಿದಾಳೆ."